ಹಳೆಯ ಕಾರೂ ಕೊಳ್ಳುವವರ ದಾಕ್ಷಿಣ್ಯವೂ

ಉತ್ತರಪಾಡಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಂತುಹೋದಂದಿನಿಂದ ಅಂಬಾಸಿಡರ್ ಕಾರು ಕೂಡ, ಅದಕ್ಕೆ ಬಹು ಮುಂಚೆಯೇ ಮಾರುಕಟ್ಟೆಯಿಂದ ಮರೆಯಾದ ಪ್ರೀಮಿಯರ್ ಪದ್ಮಿನಿಯಂತೆ, ಅಭಿಮಾನಿಗಳು ಊರೂರು ಅಲೆದು ಅನ್ವೇಷಿಸುವ ವಸ್ತುವಾಗಿದೆ. ಬಾಲ್ಯದಲ್ಲಿ ಅಂಥ ಕಾರಿನ ಹಿಂದಿನ ಸೀಟಿನಲ್ಲಿ ಏಳೆಂಟು ಮಂದಿಯ ನಡುವೆ ಇರುಕಿಕೊಂಡು ಮದುವೆಗೆ ಹೋಗಿಬಂದವರು, ಕೈಯಲ್ಲಿ ನಾಲ್ಕು ಕಾಸು ಸೇರಿದ ಕಾಲಕ್ಕೆ ಅದನ್ನು ತಮ್ಮದಾಗಿಸಿಕೊಳ್ಳಲು ಹಂಬಲಿಸುವುದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ.

ಆದರೆ ಈ ವ್ಯವಹಾರದಲ್ಲಿ ವಂಚನೆಗಿಂತ ಹೆಚ್ಚಿನ ಹಾನಿಯನ್ನುಂಟುಮಾಡುವುದು ನಮ್ಮ ದಾಕ್ಷಿಣ್ಯವೆಂದು ನನ್ನ ಅಭಿಪ್ರಾಯ. ಮಾರುವವರ ಮನೆಯಲ್ಲಿ ಕಾಫಿಯಾದ ಮೇಲೆ, ಯಜಮಾನರು ತಮ್ಮ ತೀರ್ಥರೂಪರು ಆ ಕಾರನ್ನು ಕೊಂಡುತಂದ ವೃತ್ತಾಂತವನ್ನು ಗದ್ಗದರಾಗಿ ಹೇಳಿದ ಮೇಲೆ, ಕಾಲಡಿಯ ಮ್ಯಾಟನ್ನೆತ್ತಿ ತಗಡನ್ನು ಪರೀಕ್ಷಿಸುವುದು ಅವರ ಸತ್ಯಸಂಧತೆಯನ್ನೇ ಶಂಕಿಸಿದಂತಾದೀತೆಂದು ಹಿಂಜರಿದು, ಹೊಳೆಯುವ ಬಣ್ಣವನ್ನು ನೋಡಿ ಮುಂಗಡ ಕೊಟ್ಟುಬರುವ ಸಜ್ಜನರು ಕಡಮೆಯಿಲ್ಲ. ಮ್ಯಾಟನ್ನು ಎತ್ತಲೇಬೇಕು. ಅಂಬಾಸಿಡರಿಗಾಗಲಿ ಪದ್ಮಿನಿಗಾಗಲಿ ಲಾರಿಗಿರುವಂತೆ ಪ್ರತ್ಯೇಕವಾದ ಚಾಸಿ ಇಲ್ಲ. ಬಾಡಿಯೇ ಭಾರವನ್ನೆಲ್ಲ ಹೊರುವುದರಿಂದ, ಬಾಗಿಲುಗಳ ಕೆಳಗಿನ ಅಂಚು, ಡಿಕ್ಕಿಯ ತಳ, ಹಿಂದಿನ ಪಟ್ಟಿಗಳು ಬಂದು ಸೇರುವ ಸ್ಥಾನ, ಇವು ತುಕ್ಕು ಹಿಡಿದಿದ್ದರೆ ಕೆಟ್ಟದ್ದು ಅಂದವಲ್ಲ, ಅಸ್ಥಿಪಂಜರ. ತೆಳುಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಮೈಮೇಲೆ ಆಡಿಸಿದರೆ, ಅದು ಹಿಡಿಯದೆ ಜಾರುವ ಕಡೆ ತಗಡಿಲ್ಲ, ದಪ್ಪನೆಯ ಪುಟ್ಟಿಯಿದೆ ಎಂಬುದು ಕ್ಷಣದಲ್ಲಿ ವಿದಿತವಾಗುವುದು. ಉಪ್ಪುಗಾಳಿಯಲ್ಲಿ ಬಾಳಿದ ಮಂಗಳೂರು, ಉಡುಪಿಗಳ ಕಾರಿಗೆ ಬಳ್ಳಾರಿಯ ಕಾರಿಗಿಂತ ಇಮ್ಮಡಿ ತಾಳ್ಮೆಯ ಪರೀಕ್ಷೆ ಅವಶ್ಯಕ. ಎಂಜಿನ್ನನ್ನು ಬಿಚ್ಚಿ ಸರಿಪಡಿಸುವ ಮೇಸ್ತ್ರಿಗಳು ಇನ್ನೂ ಸಿಕ್ಕಾರು. ಒಳ್ಳೆಯ ಟಿಂಕರ್ ಸಿಕ್ಕುವುದು ದುರ್ಲಭ.

ನಾವು ಹೋಗುವುದಕ್ಕೆ ಮುನ್ನ ಕಾರನ್ನು ಸ್ಟಾರ್ಟ್ ಮಾಡಬಾರದೆಂದು ತಿಳಿಸಿರತಕ್ಕದ್ದು. ಹೋದೊಡನೆ ಬಾನೆಟ್ಟಿನ ಮೇಲೆ ಕೈಯಿಟ್ಟಾಗ ಅದು ಬೆಚ್ಚಗಿದ್ದರೆ, ಬೆಳಗಿನ ಚಳಿಯಲ್ಲಿ ಅದು ಎಷ್ಟು ಹಟ ಹಿಡಿಯುವುದೆಂಬ ಸಂಗತಿಯನ್ನು ನಮ್ಮಿಂದ ಮುಚ್ಚಿಟ್ಟಂತಾಯಿತು. ಆಯಿಲ್ ಮುಚ್ಚಳದ ಒಳಮೈಗೆ ಬಿಳಿಯ ನೊರೆ ಅಂಟಿದ್ದರೆ ಒಳಗೆ ನೀರು ಸೇರುತ್ತಿರಬಹುದು. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ನೀಲಿ ಹೊಗೆ ಬಂದರೆ ರಿಂಗುಗಳು ಸವೆದು ಆಯಿಲ್ ಉರಿಯುತ್ತಿದೆ.

ಬಡಾವಣೆಯನ್ನು ಒಂದು ಸುತ್ತು ಹಾಕಿ ಬರುವುದನ್ನು ಟೆಸ್ಟ್ ಡ್ರೈವ್ ಎನ್ನಲಾಗದು. ಅರ್ಧ ಗಂಟೆಗೆ ಕಡಮೆಯಿಲ್ಲದಂತೆ, ಏರು ಇಳಿತಗಳಲ್ಲಿಯೂ ವಾಹನ ದಟ್ಟಣೆಯಲ್ಲಿಯೂ ನಡೆಸಿ ನೋಡಿದಲ್ಲದೆ ಅದರ ಗುಣಾವಗುಣಗಳು ಪ್ರಕಟವಾಗವು. ಇಲ್ಲಿ ವಯೋಧರ್ಮವಾವುದು, ವ್ಯಾಧಿಯಾವುದು ಎಂಬ ವಿವೇಚನೆ ಬೇಕು. ಹಳೆಯ ಅಂಬಾಸಿಡರಿನ ಹ್ಯಾಂಡ್ ಗೇರನ್ನು ಚಲಿಸುತ್ತಿರುವಾಗಲೇ ಒಂದನೆಯ ಗೇರಿಗೆ ಹಾಕಲು ಹೋದರೆ ಅದು ಕರ್ಕಶವಾಗಿ ಪ್ರತಿಭಟಿಸುವುದು ಸಹಜ, ಏಕೆಂದರೆ ಆ ಗೇರಿಗೆ ಸಿಂಕ್ರೊಮೆಶ್ ಇಲ್ಲ. ಆದರೆ ಇಳಿತದಲ್ಲಿ ಕಾಲು ತೆಗೆದೊಡನೆ ಎರಡನೆಯ ಗೇರು ತಾನಾಗಿ ಕಳಚಿಕೊಂಡರೆ ಅದು ಗೇರ್‌ಬಾಕ್ಸಿನ ರೋಗ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕುಳ್ಳ ಕಾರು ಈಗಿನ ಕಾರುಗಳಂತೆ ಥಟ್ಟನೆ ನಿಲ್ಲದು, ಅದನ್ನು ಸಹಿಸಬೇಕು. ನಿಲ್ಲುವಾಗ ಒಂದು ಪಕ್ಕಕ್ಕೆ ಎಳೆದರೆ ಸಹಿಸಬೇಕಾಗಿಲ್ಲ. ಡೈನಮೋ ಇರುವ ಕಾರಿನ ದೀಪಗಳು ಸಿಗ್ನಲ್ಲಿನಲ್ಲಿ ನಿಂತಾಗ ಮಂಕಾದರೆ ಗಾಬರಿ ಬೇಡ. ಹಿಂದಿರುಗಿದ ಮೇಲೆ ಪೆಟ್ರೋಲಿನ ವಾಸನೆ ಬಂದರೆ ಮಾತ್ರ ಗಾಬರಿಯಾಗತಕ್ಕದ್ದೇ, ಏಕೆಂದರೆ ಈಗಿನ ಎಥನಾಲ್ ಮಿಶ್ರಿತ ಇಂಧನ ಹಳೆಯ ರಬ್ಬರ್ ಕೊಳವೆಗಳಿಗೆ ಒಗ್ಗುವುದಿಲ್ಲ.

ಇನ್ನು ಕಾಗದಪತ್ರಗಳು. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ನಂಬರುಗಳನ್ನು ಟಾರ್ಚ್ ಹಿಡಿದು ಕಾರಿನಲ್ಲಿರುವುವುಗಳೊಡನೆ ತಾಳೆ ನೋಡದೆ ಹಣ ಕೊಡುವುದು ಅವಿವೇಕ. ಡೀಸೆಲ್ ಅಗ್ಗವಾಗಿದ್ದ ದಿನಗಳಲ್ಲಿ ಎಷ್ಟೋ ಮಂದಿ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿಕೊಂಡರು. ಅದನ್ನು ಆರ್‌ಸಿಯಲ್ಲಿ ನಮೂದಿಸಲು ಎಲ್ಲರೂ ಆರ್‌ಟಿಓ ಕಚೇರಿಗೆ ಹೋದವರಲ್ಲ. 2021ರ ಕೇಂದ್ರ ನಿಯಮಗಳ ಪ್ರಕಾರ ವಿಂಟೇಜ್ ನೋಂದಣಿಗೆ ಕಾರು 50 ವರ್ಷ ದಾಟಿರುವುದಷ್ಟೇ ಸಾಲದು, ಎಂಜಿನ್, ಚಾಸಿ, ಬಾಡಿಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರಬೇಕು. ಹಾಗೆ ನೋಂದಣಿಯಾದದ್ದನ್ನು ನಿತ್ಯ ಸಂಚಾರಕ್ಕೆ ಬಳಸುವಂತೆಯೂ ಇಲ್ಲ. ದಿನವೂ ಕಚೇರಿಗೆ ಪದ್ಮಿನಿಯಲ್ಲೇ ಹೋಗಬೇಕೆಂಬವರು ಸಾಮಾನ್ಯ ನೋಂದಣಿಯನ್ನೇ ಫಿಟ್‌ನೆಸ್ ಪರೀಕ್ಷೆಯೊಡನೆ ನವೀಕರಿಸಿಕೊಳ್ಳಬೇಕಾದೀತು. ಆ ನವೀಕರಣ ಬಾಕಿಯಿದೆಯೇ ಎಂಬುದನ್ನು ಬೆಲೆಯ ಮಾತಿಗೆ ಮೊದಲೇ, ಕಾಫಿಗೂ ಮೊದಲೇ, ಕೇಳುವುದು ಉಚಿತ.