ವಾಸ್ತವವಾದದ ಕಡಲು: ವಿನ್ಸ್ಲೊ ಹೋಮರನ ಚಿತ್ರಗಳನ್ನು ಕುರಿತು

ಕನ್ನಡ ವಿಮರ್ಶೆಯಲ್ಲಿ ‘ವಾಸ್ತವವಾದ’ ಎಂಬ ಪರಿಭಾಷೆ ಬಹುಮಟ್ಟಿಗೆ ಕಥನಸಾಹಿತ್ಯದ ಚರ್ಚೆಯಲ್ಲಿ ಬೆಳೆದುಬಂದುದು. ಇದ್ದುದನ್ನು ಇದ್ದಂತೆ ಹೇಳುವುದೇ ವಾಸ್ತವವಾದ ಎಂಬ ಸರಳ ಗ್ರಹಿಕೆಯೂ ಅದರ ಜೊತೆಗೇ ಉಳಿದುಬಂದಿದೆ. ಈ ಗ್ರಹಿಕೆಯ ಮಿತಿಯನ್ನು ಅರಿಯಲು ಸಾಹಿತ್ಯದಾಚೆಗಿನ ನಿದರ್ಶನವೊಂದು ನೆರವಾಗಬಲ್ಲದು. ಅಮೆರಿಕದ ಚಿತ್ರಕಾರ ವಿನ್ಸ್ಲೊ ಹೋಮರನ (1836-1910) ಕಡಲ ಚಿತ್ರಗಳು ಅಂಥವು.

ಬಾಸ್ಟನ್ನಿನಲ್ಲಿ ಹುಟ್ಟಿದ ಹೋಮರ್ ಮೊದಲು ಕಲಿತದ್ದು ಕಲ್ಲಚ್ಚಿನ ಕೆಲಸ. ಅಮೆರಿಕದ ಅಂತರ್ಯುದ್ಧದ (1861-65) ಕಾಲದಲ್ಲಿ ‘ಹಾರ್ಪರ್ಸ್ ವೀಕ್ಲಿ’ ಪತ್ರಿಕೆಗಾಗಿ ಸೈನಿಕರ ಶಿಬಿರಜೀವನವನ್ನು ಚಿತ್ರಿಸಿದ. ಕಂಡದ್ದನ್ನು ವರದಿಮಾಡುವ ಶಿಸ್ತು ಅವನಿಗೆ ಇಲ್ಲಿ ಒದಗಿತು. 1881-82ರಲ್ಲಿ ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಕಲ್ಲರ್‌ಕೋಟ್ಸ್ ಎಂಬ ಮೀನುಗಾರರ ಊರಿನಲ್ಲಿ ನೆಲೆಸಿದ ಮೇಲೆ ಅವನ ದೃಷ್ಟಿ ವರದಿಯನ್ನು ಮೀರಿ ಬೆಳೆಯಿತು. ಬಲೆ ಸರಿಪಡಿಸುವ, ಬುಟ್ಟಿ ಹೊರುವ, ದೋಣಿಗಳ ದಾರಿ ಕಾಯುವ ಹೆಂಗಸರು ಅವನ ವಸ್ತುವಾದರು. ಕಡಲು ರಮ್ಯ ನೋಟವಾಗಿ ಉಳಿಯದೆ ದುಡಿಮೆಯ, ಅಪಾಯದ ನೆಲೆಯಾಯಿತು. 1883ರಿಂದ ಕೊನೆಯವರೆಗೆ ಅವನು ಬಾಳಿದ್ದು ಮೇಯ್ನ್ ರಾಜ್ಯದ ಪ್ರೌಟ್ಸ್ ನೆಕ್ ಎಂಬ ಬಂಡೆಗಲ್ಲಿನ ಕರಾವಳಿಯಲ್ಲಿ.

ಈ ಚಿತ್ರಗಳ ಸಂದರ್ಭದಲ್ಲಿ ಹೋಮರ್ ಏನನ್ನು ಚಿತ್ರಿಸಿದ ಎಂಬುದಕ್ಕಿಂತ ಏನನ್ನು ಕೈಬಿಟ್ಟ ಎಂಬುದು ಮುಖ್ಯ. ‘ದಿ ಲೈಫ್ ಲೈನ್’ (1884) ಚಿತ್ರದಲ್ಲಿ ಹಗ್ಗಕ್ಕೆ ಜೋತುಬಿದ್ದು ಹೆಣ್ಣೊಬ್ಬಳನ್ನು ಅಲೆಗಳಿಂದ ಪಾರುಮಾಡುತ್ತಿರುವವನ ಮುಖವನ್ನು ಕೆಂಪು ವಸ್ತ್ರ ಮರೆಮಾಡಿದೆ. ವೀರನಿಗೆ ಮುಖವಿಲ್ಲ, ಉಳಿದಿರುವುದು ಕೆಲಸ ಮಾತ್ರ. ‘ದಿ ಫಾಗ್ ವಾರ್ನಿಂಗ್’ (1885) ಚಿತ್ರದ ಬೆಸ್ತ ಭಾರವಾದ ಮೀನುಗಳ ದೋಣಿಯಲ್ಲಿ ಹುಟ್ಟುಹಾಕುತ್ತ ದೂರದ ಹಡಗನ್ನೂ ಕವಿಯಲಿರುವ ಮಂಜನ್ನೂ ಅಳೆಯುತ್ತಾನೆ. ಅವನು ಹಡಗನ್ನು ಸೇರಿದನೇ? ಚಿತ್ರ ಹೇಳುವುದಿಲ್ಲ. ‘ನಾರ್ತ್‌ಈಸ್ಟರ್’ (1895) ಚಿತ್ರದಲ್ಲಿ ಮೊದಲು ಬಂಡೆಯ ಮೇಲೆ ಮುದುಡಿ ಕುಳಿತ ಇಬ್ಬರಿದ್ದರು. 1901ರ ಹೊತ್ತಿಗೆ ಹೋಮರ್ ಅವರನ್ನು ಬಣ್ಣದಿಂದ ಮುಚ್ಚಿಬಿಟ್ಟ. ಯಥಾವತ್ತಾದ ನಕಲೇ ವಾಸ್ತವವಾದವಾಗಿದ್ದರೆ ಈ ಅಳಿಸುವಿಕೆಗೆ ಅರ್ಥವಿರುತ್ತಿರಲಿಲ್ಲ.

ಮನುಷ್ಯರನ್ನು ಹೀಗೆ ಅಳಿಸಿದ್ದು ಸಮಾಜವಿಮುಖತೆಯಲ್ಲವೇ ಎಂಬ ಆಕ್ಷೇಪ ಸಹಜ. ಅದಕ್ಕೆ ‘ದಿ ಗಲ್ಫ್ ಸ್ಟ್ರೀಮ್’ (1899) ಉತ್ತರವಾಗಿದೆ. ಕೂವೆ ಮುರಿದ ದೋಣಿಯಲ್ಲಿ ಒಬ್ಬಂಟಿ ಕಪ್ಪು ಮನುಷ್ಯ, ಸುತ್ತ ಶಾರ್ಕುಗಳು, ದೂರದಲ್ಲಿ ಜಲಸ್ತಂಭ, ಕ್ಷಿತಿಜದಲ್ಲೊಂದು ಹಡಗು, ಆದರೆ ಅವನ ದೃಷ್ಟಿ ಅತ್ತ ಇಲ್ಲ. ದೋಣಿಯೊಳಗಿನ ಕಬ್ಬಿನ ಜಲ್ಲೆಗಳು ಸಕ್ಕರೆ ತೋಟಗಳ ಗುಲಾಮಗಿರಿಯ ಚರಿತ್ರೆಯನ್ನು ಮಾತಿಲ್ಲದೆ ನೆನಪಿಸುತ್ತವೆ. ಕಥೆಯ ಕೊನೆಯನ್ನು ಕೇಳಿದವರಿಗೆ ಹೋಮರ್ ಕೊಟ್ಟದ್ದು ವ್ಯಂಗ್ಯದ ಉತ್ತರ. 2022ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಈ ಚಿತ್ರವನ್ನು ಕೇಂದ್ರದಲ್ಲಿಟ್ಟು ಹೋಮರನ ಕೃತಿಗಳ ಪ್ರದರ್ಶನವನ್ನು ಏರ್ಪಡಿಸಿದ್ದು ಈ ಚರಿತ್ರೆಯ ಓದಿಗೆ ಬಲ ನೀಡಿತು.

ಪರಿಣಾಮವನ್ನು ತಡೆಹಿಡಿಯುವುದು ತಟಸ್ಥ ನಿಲುವಲ್ಲ. ಸಮಾಧಾನದ ಕೊನೆಯೊಂದನ್ನು ಕೊಟ್ಟಿದ್ದರೆ ನೋಡುಗ ಹಗುರಾಗಿ ಮುಂದೆ ಸಾಗಬಹುದಿತ್ತು; ಹೋಮರ್ ಅದನ್ನು ನಿರಾಕರಿಸಿ ಅಪಾಯದ ಹೊಣೆಯನ್ನು ನೋಡುಗನ ಮೇಲೆ ಹೊರಿಸುತ್ತಾನೆ. ಕನ್ನಡದ ವಾಸ್ತವವಾದಿ ಕಥನಗಳ ಅಧ್ಯಯನಕ್ಕೂ ಈ ವಿವೇಕ ಅಗತ್ಯ. ವಿವರಗಳು ಎಷ್ಟು ನಿಜ ಎಂದು ಪರಿಶೀಲಿಸುವಲ್ಲಿಗೆ ವಿಮರ್ಶೆಯ ಕೆಲಸ ಮುಗಿಯದು. ಯಾವುದನ್ನು ಆರಿಸಲಾಗಿದೆ, ಯಾವುದನ್ನು ಅಳಿಸಲಾಗಿದೆ, ಯಾರ ಕಣ್ಣಿಗೆ ಹಡಗು ಕಾಣುತ್ತಿಲ್ಲ ಎಂಬ ಪ್ರಶ್ನೆಗಳನ್ನೂ ಅದು ಕೇಳಬೇಕಾಗುತ್ತದೆ.