ಸರ್ವರಿಗೂ ಸಲ್ಲುವ ಕೆಲವು ಕಟ್ಟಳೆಗಳು

ಕಾಯಿದೆಯನ್ನು ಅರಿಯೆನೆಂಬದು ನೆಪವಾಗಲಾರದೆಂದು ನ್ಯಾಯಾಸನಗಳು ಬಹು ಕಾಲದಿಂದ ಹೇಳುತ್ತ ಬಂದಿವೆ. ಈ ಸೂತ್ರವು ಯುಕ್ತವೇ ಸರಿ. ಅರಿಯದವನಿಗೆಲ್ಲ ಕ್ಷಮೆಯೆಂದಾದರೆ ಅರಿಯುವ ಶ್ರಮವನ್ನು ಯಾರೂ ತೆಗೆದುಕೊಳ್ಳಲಾರರು. ಆದರೆ ಈ ಸೂತ್ರಕ್ಕೆ ಇನ್ನೊಂದು ಮಗ್ಗುಲುಂಟು. ಪ್ರಜೆಯು ಕಾಯಿದೆಯನ್ನು ಅರಿತಿರಲೇಬೇಕೆಂದು ವಿಧಿಸುವ ರಾಜ್ಯವು, ಆ ಕಾಯಿದೆಯನ್ನು ಅವನು ಅರಿಯಬಲ್ಲಷ್ಟು ಪ್ರಮಾಣದಲ್ಲಿಯೂ, ಅರಿಯಬಲ್ಲ ಮಾತಿನಲ್ಲಿಯೂ ಅವನ ಮುಂದೆ ಇಡತಕ್ಕದ್ದು. ಮೊದಲನೆಯ ಅರ್ಧವನ್ನು ಕಟ್ಟುನಿಟ್ಟಾಗಿ ನಡೆಸಿ ಎರಡನೆಯ ಅರ್ಧವನ್ನು ಮರೆತರೆ ಅದು ನ್ಯಾಯದ ಅರ್ಧಭಾಗ ಮಾತ್ರವಾಗುವದು.

ಇಂದಿನ ಸ್ಥಿತಿಯನ್ನು ನಮ್ಮ ವಾಚಕರು ತುಸು ನೋಡಲಿ. 1860ರಲ್ಲಿ ಆಂಗ್ಲರು ರಚಿಸಿದ ದಂಡಸಂಹಿತೆಯಲ್ಲಿ 511 ಕಲಮುಗಳಿದ್ದವು. ಅದರ ಸ್ಥಾನದಲ್ಲಿ 2024ನೆಯ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 358 ಕಲಮುಗಳಿವೆ. ಅದೇ ದಿನ ಜಾರಿಯಾದ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 531, ಸಾಕ್ಷ್ಯ ಅಧಿನಿಯಮದಲ್ಲಿ 170. ಈ ಮೂರರಲ್ಲಿಯೇ 1059 ಕಲಮುಗಳಾಗುವವು. ಭೂಮಿ, ತೆರಿಗೆ, ರಸ್ತೆ, ನಗರಸಭೆ, ಕಾರಖಾನೆ ಇವುಗಳ ಕಾಯಿದೆಗಳು ಬೇರೆಯೇ ಇವೆ. ಇವನ್ನೆಲ್ಲ ಒಬ್ಬ ವಕೀಲನು ಸಹ ಪೂರ್ತಿಯಾಗಿ ಓದಿರಲಾರನು. ಹಾಗಿರುವಾಗ ಸಂತೆಗೆ ಬಂದ ಒಕ್ಕಲಿಗನೂ, ಮಗ್ಗದ ಮುಂದೆ ಕುಳಿತ ನೇಕಾರನೂ ಓದಿರುವರೆಂದು ಎಣಿಸುವದು ಕೇವಲ ಕಲ್ಪನೆಯೇ.

ಹೀಗೆಂದು ದೊಡ್ಡ ಕಾಯಿದೆಗಳೆಲ್ಲ ವ್ಯರ್ಥವೆಂದು ನಾವು ಹೇಳುವದಿಲ್ಲ. ಉಗಿಬಂಡಿಯ ಕಾಲದಿಂದ ಈಚೆಗೆ ಜೀವನವು ಬಹಳ ತೊಡಕಾಗಿದೆ. ಔಷಧದ ಶುದ್ಧಿಯನ್ನೂ, ಬ್ಯಾಂಕಿನ ಲೆಕ್ಕವನ್ನೂ ನಾಲ್ಕು ಮಾತಿನ ಕಟ್ಟಳೆಯಿಂದ ಕಾಯಲು ಬಾರದು. ಆಯಾ ಕಸಬಿನವರು ಆಯಾ ಕಸಬಿನ ವಿಸ್ತಾರವಾದ ನಿಯಮಗಳನ್ನು ತಿಳಿದುಕೊಂಡಿರಲಿ. ಆದರೆ ಮನುಷ್ಯನು ಮನುಷ್ಯನೊಡನೆ ಬಾಳುವದಕ್ಕೆ ಬೇಕಾದ ಕಟ್ಟಳೆಗಳು ಮಾತ್ರ ಕೆಲವೇ ಆಗಿರಬೇಕು, ಸರಳವಾಗಿರಬೇಕು, ಸರ್ವರ ಬಾಯಲ್ಲಿಯೂ ಇರಬೇಕು. ಇದೇ ನಮ್ಮ ವಾದ.

ಇದು ಹೊಸ ವಾದವಲ್ಲ. ಪರದೇಶದಿಂದ ತರಿಸಿದ ಸರಕೂ ಅಲ್ಲ. ಕನ್ನಡ ನಾಡಿನ ಬಂಡೆಗಳ ಮೇಲೆಯೇ ಇದು ಕೆತ್ತಲ್ಪಟ್ಟಿದೆ. ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು 1892ರಲ್ಲಿ ಬಿ. ಎಲ್. ರೈಸರು ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೆಯ ಶತಮಾನದ ಆ ಬರಹವು ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ್ದು. ಮೊದಲು ಅವರ ಆರೋಗ್ಯವನ್ನು ವಿಚಾರಿಸಿ, ಆಮೇಲೆ ರಾಜಾಜ್ಞೆಯನ್ನು ತಿಳಿಸಿದ್ದಾರೆ. 1915ರಲ್ಲಿ ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ ಸಿಕ್ಕ ಶಾಸನದಿಂದ, ದೇವಾನಾಂಪ್ರಿಯನೆಂಬವನು ಅಶೋಕನೇ ಎಂಬದು ನಿಸ್ಸಂದೇಹವಾಯಿತು. ಕೊಪ್ಪಳದಲ್ಲಿ, ನಿಟ್ಟೂರಿನಲ್ಲಿ, ಉದೆಗೋಳದಲ್ಲಿ, 1989ರಲ್ಲಿ ಭೀಮಾತೀರದ ಸನ್ನತಿಯಲ್ಲಿ, ಹೀಗೆ ನಮ್ಮ ನಾಡಿನ ಉದ್ದಕ್ಕೂ ಆ ಅರಸನ ಮಾತು ಹಬ್ಬಿದೆ.

ಆ ಮಾತಾದರೂ ಎಷ್ಟು? ಬ್ರಹ್ಮಗಿರಿಯ ಬಂಡೆಯ ಮೇಲೆ ಧರ್ಮವೆಂದು ಹೇಳಿದ್ದು ಕೈಬೆರಳಲ್ಲಿ ಎಣಿಸುವಷ್ಟು. ತಾಯಿತಂದೆಗಳ ಶುಶ್ರೂಷೆಯನ್ನು ಮಾಡಬೇಕು; ಜೀವಿಗಳಲ್ಲಿ ದಯೆಯು ದೃಢವಾಗಿರಬೇಕು; ಸತ್ಯವನ್ನು ನುಡಿಯಬೇಕು. ಶಿಷ್ಯನು ಆಚಾರ್ಯನನ್ನು ಗೌರವಿಸಬೇಕು, ಬಂಧುಗಳೊಡನೆ ತಕ್ಕ ರೀತಿಯಲ್ಲಿ ನಡೆಯಬೇಕು. ಇದು ತಾನು ಹೊಸದಾಗಿ ಮಾಡಿದ್ದಲ್ಲ, ಪುರಾತನವಾದ ಪ್ರಕೃತಿಯೇ ಎಂದು ಅರಸನು ಹೇಳಿಕೊಂಡಿದ್ದಾನೆ. ಅಲ್ಲಿಯೇ ಇನ್ನೊಂದು ಮಹತ್ವದ ಸಂಗತಿಯುಂಟು. ಇದರ ಫಲವು ದೊಡ್ಡವರಿಗೆ ಮಾತ್ರ ದೊರೆಯುವದೆಂಬದು ಸರಿಯಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನು. ಆದಕಾರಣ ಸಣ್ಣವರೂ ದೊಡ್ಡವರೂ ಪ್ರಯತ್ನಿಸಲಿ ಎಂಬದೇ ಆ ಶಾಸನದ ಉದ್ದೇಶ. ಸಣ್ಣವನಿಗೊಂದು ದೊಡ್ಡವನಿಗೊಂದು ಎಂಬ ಭೇದವನ್ನು ಆ ಬಂಡೆಯು ಅರಿಯದು.

ಕಟ್ಟಳೆಯನ್ನು ಬರೆದಿಟ್ಟರೆ ಸಾಲದು, ಅದು ಕಿವಿಗೆ ಬೀಳಬೇಕು. ಇದನ್ನೂ ಅಶೋಕನು ಬಲ್ಲವನಾಗಿದ್ದನು. ಆಂಧ್ರದ ಎರ್ರಗುಡಿಯ ಶಾಸನದಲ್ಲಿ ಭೇರಿಯನ್ನು ಹೊಡೆಸಿ ಜನಪದಕ್ಕೆ ತಿಳಿಸತಕ್ಕದ್ದೆಂಬ ಅಪ್ಪಣೆಯಿದೆ. ಕಳಿಂಗದಲ್ಲಿಯೂ ನಮ್ಮ ಸನ್ನತಿಯಲ್ಲಿಯೂ ಇರುವ ಪ್ರತ್ಯೇಕ ಶಾಸನಗಳನ್ನು ಚಾತುರ್ಮಾಸ್ಯದ ದಿನಗಳಲ್ಲಿ ತಿಷ್ಯ ನಕ್ಷತ್ರವಿದ್ದಾಗ ಓದಿಸಬೇಕು. ನಡುನಡುವೆ ಒಬ್ಬನೇ ಕೇಳುವವನಿದ್ದರೂ ಓದಿ ಹೇಳಬೇಕು. ಒಬ್ಬನಿಗಾಗಿಯೂ ಕಾಯಿದೆಯನ್ನು ಓದಿ ಹೇಳುವ ಅಧಿಕಾರಿಯು ಇಂದು ಎಲ್ಲಿ ಸಿಕ್ಕಾನು? ಅದೇ ಶಾಸನದಲ್ಲಿ ನ್ಯಾಯಾಧಿಕಾರಿಗಳು ಬಿಡಬೇಕಾದ ದೋಷಗಳನ್ನೂ ಎಣಿಸಿದ್ದಾನೆ: ಅಸೂಯೆ, ಸಿಟ್ಟು, ನಿಷ್ಠುರತೆ, ಅವಸರ, ಆಲಸ್ಯ, ದಣಿವು. ಪ್ರಜೆಯು ನಡೆಯಬೇಕಾದ ಕಟ್ಟಳೆಯೊಂದಿಗೆ ಅಧಿಕಾರಿಯು ನಡೆಯಬೇಕಾದ ಕಟ್ಟಳೆಯನ್ನೂ ಬಹಿರಂಗವಾಗಿ ಓದಿಸಿದ ಅರಸನವನು.

ಇಷ್ಟಾದರೂ ಅವನನ್ನು ದೇವತೆಯನ್ನಾಗಿ ಮಾಡುವದು ನಮ್ಮ ಇಚ್ಛೆಯಲ್ಲ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನರು ಹತರಾದರೆಂದೂ, ಒಂದೂವರೆ ಲಕ್ಷ ಜನರು ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಅವನೇ ಬರೆಯಿಸಿದ್ದಾನೆ. ಮರಣದಂಡನೆಯನ್ನು ಅವನು ತೆಗೆದುಹಾಕಲಿಲ್ಲ. ಅಂಥವರಿಗೆ ಮೂರು ದಿನಗಳ ಅವಕಾಶವನ್ನು ಮಾತ್ರ ಕೊಟ್ಟನು. ಕೊಲ್ಲಬಾರದ ಪ್ರಾಣಿಪಕ್ಷಿಗಳ ಉದ್ದವಾದ ಪಟ್ಟಿಯನ್ನೂ ಹೊರಡಿಸಿದನು. ಆದರೆ ತನ್ನ ಪಟ್ಟಾಭಿಷೇಕದ 27ನೆಯ ವರ್ಷದಲ್ಲಿ ಬರೆಯಿಸಿದ ಸ್ತಂಭಶಾಸನದಲ್ಲಿ ಅವನು ತನ್ನ ಅನುಭವದ ಸಾರವನ್ನು ಹೇಳಿದ್ದಾನೆ. ಧರ್ಮವು ಬೆಳೆದದ್ದು ಎರಡು ವಿಧದಿಂದ, ನಿಯಮದಿಂದ ಮತ್ತು ಮನವೊಲಿಸುವದರಿಂದ. ಅವೆರಡರಲ್ಲಿ ನಿಯಮವು ಲಘುವಾದದ್ದು, ಮನವೊಲಿಸುವದೇ ಹೆಚ್ಚಿನದು ಎಂದು ಅವನ ನಿರ್ಣಯ. ಸಾವಿರ ನಿಯಮಗಳನ್ನು ಮಾಡುವ ಬಲವಿದ್ದ ಚಕ್ರವರ್ತಿಯೇ ಈ ಮಾತನ್ನು ಹೇಳಿದನೆಂಬದನ್ನು ನಮ್ಮ ಶಾಸನಸಭೆಯ ಸದಸ್ಯರು ಲಕ್ಷ್ಯಕ್ಕೆ ತಂದುಕೊಳ್ಳಲಿ.

ಇಲ್ಲಿ ಒಂದು ಆಕ್ಷೇಪವು ಬರುವದು. ಕಟ್ಟಳೆಗಳು ಕೆಲವೇ ಇದ್ದರೆ ಕೆಡುಕರು ಸಂದುಗಳಲ್ಲಿ ನುಸುಳಲಾರರೇ? ನುಸುಳುವರು ನಿಜ. ಇದಕ್ಕೆ ನಮ್ಮ ರಾಜ್ಯಾಂಗದ 17ನೆಯ ಅನುಚ್ಛೇದವೇ ಉದಾಹರಣೆ. ಅಸ್ಪೃಶ್ಯತೆಯು ರದ್ದಾಯಿತು, ಅದರ ಆಚರಣೆಯು ನಿಷಿದ್ಧ, ಆಚರಿಸಿದವನು ಶಿಕ್ಷಾರ್ಹನು ಎಂಬಷ್ಟೇ ಅದರ ಸಾರ. ಶಾಲೆಯ ಹುಡುಗನಿಗೂ ತಿಳಿಯುವಂಥ ಕಟ್ಟಳೆ. 1950ನೆಯ ಜನೆವರಿ 26ರಿಂದ ಅದು ಜಾರಿಯಲ್ಲಿದೆ. ಅದು ಒಂದೇ ಸಾಕಾಗಬೇಕಾಗಿತ್ತು. ಸಾಕಾಗಲಿಲ್ಲ. 1955ರಲ್ಲಿ ಒಂದು ಕಾಯಿದೆ ಬೇಕಾಯಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ರಕ್ಷಣೆಯ ಹೆಸರನ್ನಿಡಬೇಕಾಯಿತು. 1989ರಲ್ಲಿ ದೌರ್ಜನ್ಯಗಳನ್ನು ತಡೆಯುವದಕ್ಕೆ ಇನ್ನೊಂದು ಕಾಯಿದೆಯನ್ನು ಮಾಡಬೇಕಾಯಿತು. ಚಿಕ್ಕ ಕಟ್ಟಳೆಯಲ್ಲಿ ದೋಷವಿತ್ತೇ? ಇಲ್ಲ. ಬಾವಿಯ ಕಟ್ಟೆಯ ಮೇಲೂ, ಗುಡಿಯ ಬಾಗಿಲಲ್ಲೂ ಅದನ್ನು ದಿನಾಲು ಮುರಿದವರು ನಾವೇ. ಸಣ್ಣ ಕಟ್ಟಳೆಯನ್ನು ಮುರಿಯುವವರೇ ದೊಡ್ಡ ಕಾಯಿದೆಗೆ ಕಾರಣರು. ಕಾಯಿದೆಗಳು ಹೆಚ್ಚಾದವೆಂದು ಕಟ್ಟೆಯ ಮೇಲೆ ಕುಳಿತು ಸರಕಾರವನ್ನು ಹಳಿಯುವ ನಮ್ಮ ಪಟ್ಟಣಿಗರು ಈ ಮಾತನ್ನು ಮರೆಯಬಾರದು.

ಆದಕಾರಣ ಯಾವ ಕಟ್ಟಳೆಗಳನ್ನು ಆರಿಸಿಕೊಳ್ಳತಕ್ಕದ್ದೆಂದು ಕೇಳಿದರೆ, ನಾವು ನಾಲ್ಕನ್ನು ಹೇಳುವೆವು. ಮೂರು ಬ್ರಹ್ಮಗಿರಿಯ ಬಂಡೆಯವು: ಸತ್ಯವನ್ನು ನುಡಿಯುವದು, ಜೀವಿಗಳಲ್ಲಿ ದಯೆಯಿಡುವದು, ಹಿರಿಯರನ್ನೂ ಗುರುಗಳನ್ನೂ ಉಪಚರಿಸುವದು. ನಾಲ್ಕನೆಯದು ನಮ್ಮ ರಾಜ್ಯಾಂಗದ್ದು: ಕಾಯಿದೆಯ ಮುಂದೆ ಎಲ್ಲರೂ ಸಮಾನರು, ಯಾರೂ ಯಾರಿಗೂ ಕೀಳಲ್ಲ. ಈ ನಾಲ್ಕನೆಯದಿಲ್ಲದೆ ಮಿಕ್ಕ ಮೂರು ಅಪಾಯಕರವಾಗಬಹುದು. ಹಿರಿಯರ ಸೇವೆಯ ಹೆಸರಿನಲ್ಲಿ ಎಷ್ಟು ಸೊಸೆಯರ ಬಾಯಿ ಕಟ್ಟಿಲ್ಲ? ಗುರುಭಕ್ತಿಯ ಹೆಸರಿನಲ್ಲಿ ಎಷ್ಟು ಹುಡುಗರ ಪ್ರಶ್ನೆಗಳು ಅಡಗಿಲ್ಲ? ಸೇವೆಯು ಸಮಾನರು ಸಮಾನರಿಗೆ ಪ್ರೀತಿಯಿಂದ ಮಾಡುವದಾದರೆ ಧರ್ಮ, ಮೇಲಿನವನು ಕೆಳಗಿನವನಿಂದ ವಸೂಲು ಮಾಡುವದಾದರೆ ಅದು ಬಿಟ್ಟಿ. ಅಶೋಕನು ತನ್ನ ರಾಜುಕರಿಗೆ ವ್ಯವಹಾರದಲ್ಲಿ ಸಮತೆ, ದಂಡದಲ್ಲಿ ಸಮತೆ ಇರಬೇಕೆಂದು ಹೇಳಿದನು. ಆ ಸಮತೆಯ ಅರ್ಥವೆಷ್ಟೆಂಬದರಲ್ಲಿ ವಿದ್ವಾಂಸರಲ್ಲಿ ಮತಭೇದವಿದೆ. ನಮ್ಮ ರಾಜ್ಯಾಂಗದ 14ನೆಯ ಅನುಚ್ಛೇದದಲ್ಲಿ ಮಾತ್ರ ಅಂಥ ಸಂದೇಹಕ್ಕೆ ಆಸ್ಪದವಿಲ್ಲ.

1976ರಲ್ಲಿ ರಾಜ್ಯಾಂಗಕ್ಕೆ ಹತ್ತು ಮೂಲಭೂತ ಕರ್ತವ್ಯಗಳನ್ನು ಸೇರಿಸಿದರು. 2002ರಲ್ಲಿ ಹನ್ನೊಂದನೆಯದು ಸೇರಿತು. ಜೀವಿಗಳಲ್ಲಿ ದಯೆಯು ಅಲ್ಲಿಯೂ ಇದೆ. ಸಂಕಲ್ಪವು ಒಳ್ಳೆಯದೇ. ಆದರೆ ಆ ಹನ್ನೊಂದನ್ನು ತಪ್ಪದೆ ಹೇಳಬಲ್ಲವರು ನಮ್ಮ ವಾಚಕರಲ್ಲಿ ಎಷ್ಟು ಜನರೆಂದು ಅವರವರೇ ಪರೀಕ್ಷಿಸಿಕೊಳ್ಳಲಿ. ನೆನಪಿನಲ್ಲಿ ಉಳಿಯದ ಕಟ್ಟಳೆಯು ನಡತೆಯಲ್ಲಿ ಉಳಿಯುವದು ಹೇಗೆ?

ಇನ್ನು ಭಾಷೆಯ ಮಾತು. ಈ ಪತ್ರಿಕೆಯಲ್ಲಿ ಇದನ್ನು ಹೇಳದೆ ಬಿಡುವದು ಶಕ್ಯವಿಲ್ಲ. ಅಶೋಕನು ಕಂದಹಾರದ ಜನರಿಗೆ ಗ್ರೀಕ್ ಮತ್ತು ಅರಾಮಿಕ ಭಾಷೆಗಳಲ್ಲಿ ತನ್ನ ಧರ್ಮವನ್ನು ತಿಳಿಸಿದನು. ಕನ್ನಡ ನಾಡಿನಲ್ಲಿ ಮಾತ್ರ ಅವನ ಶಾಸನಗಳು ಪ್ರಾಕೃತದಲ್ಲಿವೆ. ಬ್ರಹ್ಮಗಿರಿಯ ಲಿಪಿಕಾರನಾದ ಚಪಡನು ತನ್ನ ಕಸಬಿನ ಹೆಸರನ್ನು ವಾಯವ್ಯ ದೇಶದ ಖರೋಷ್ಠಿಯಲ್ಲಿ ಬರೆದಿದ್ದಾನೆ. ರಾಜ್ಯದ ಮಾತು ನಮ್ಮ ನಾಡಿನಲ್ಲಿ ನಮ್ಮ ನುಡಿಯಲ್ಲಿ ಮೊದಲು ಕಾಣಿಸಿಕೊಂಡದ್ದು ಶತಮಾನಗಳ ತರುವಾಯ. ಇಂದಿನ ಸ್ಥಿತಿಯೇನು? 1956ರಲ್ಲಿ ಕನ್ನಡ ನಾಡು ಒಂದಾಯಿತು. 1963ರಲ್ಲಿ ಕನ್ನಡವು ಆಡಳಿತದ ಭಾಷೆಯೆಂದು ಕಾಯಿದೆಯಾಯಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದಿತು. ಆದರೂ ಉಚ್ಚ ನ್ಯಾಯಾಲಯದ ತೀರ್ಪು ಹುಟ್ಟುವದು ಇಂಗ್ಲೀಷಿನಲ್ಲಿಯೇ. ಗೆದ್ದವನೂ ಸೋತವನೂ ತಾವು ಗೆದ್ದದ್ದು ಸೋತದ್ದು ಏಕೆಂಬದನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿದೆ. ಕಾಯಿದೆಯು ಕೆಲವೇ ಇದ್ದರೂ ತಿಳಿಯದ ನುಡಿಯಲ್ಲಿದ್ದರೆ ಸಾವಿರವಿದ್ದಂತೆಯೇ.

ನಮ್ಮ ಸೂಚನೆಯು ಸಣ್ಣದು. ಅದಕ್ಕೆ ಶಾಸನಸಭೆಯ ಒಪ್ಪಿಗೆಯಾಗಲಿ ಖಜಾನೆಯ ಹಣವಾಗಲಿ ಬೇಕಾಗಿಲ್ಲ. ಪ್ರತಿಯೊಂದು ಶಾಲೆಯ ಗೋಡೆಯ ಮೇಲೆ ಈ ನಾಲ್ಕು ಕಟ್ಟಳೆಗಳನ್ನು ಅಚ್ಚಗನ್ನಡದಲ್ಲಿ ಬರೆಯಿಸಬೇಕು. ವರ್ಷದಲ್ಲಿ ನಾಲ್ಕು ಗೊತ್ತಾದ ದಿನಗಳಲ್ಲಿ ಗ್ರಾಮಸಭೆಯಲ್ಲಿಯೂ ವಾಚನಾಲಯದಲ್ಲಿಯೂ ಅವನ್ನು ಗಟ್ಟಿಯಾಗಿ ಓದಿ, ಆ ಅವಧಿಯಲ್ಲಿ ಊರಲ್ಲಿ ಯಾವದು ಮುರಿಯಿತೆಂದು ವಿಚಾರಿಸಬೇಕು. ಓದುವವರು ಗಂಡಸರೇ ಆಗಬೇಕೆಂದಿಲ್ಲ, ಮೇಲ್ಕೇರಿಯವರೇ ಆಗಬೇಕೆಂದಂತೂ ಇಲ್ಲ. ಕೆಳಕೇರಿಯ ಹುಡುಗಿಯೊಬ್ಬಳು ಚಾವಡಿಯಲ್ಲಿ ನಿಂತು ನಾಲ್ಕನೆಯ ಕಟ್ಟಳೆಯನ್ನು ಓದುವಾಗ ಗೌಡರೂ ಶೆಟ್ಟರೂ ಎದ್ದು ನಿಂತು ಕೇಳಿದರೆ, ಅಂದು ಆ ಊರಲ್ಲಿ ಕಾಯಿದೆಯು ಜಾರಿಗೆ ಬಂದಿತೆಂದು ನಾವು ತಿಳಿಯುವೆವು.

ಈ ಕೆಲಸದಲ್ಲಿ ಶಾಲಾಮಾಸ್ತರರ ಮೇಲೆ ನಮ್ಮ ಭರವಸೆಯು ಹೆಚ್ಚು. ಪೋಲೀಸರು ಕಾಯಿದೆಯನ್ನು ಅಪರಾಧವಾದ ಮೇಲೆ ತೋರಿಸುವರು. ಮಾಸ್ತರರು ಅದನ್ನು ಅಪರಾಧಕ್ಕೆ ಮೊದಲೇ ಕಲಿಸಬಲ್ಲರು. ಒಬ್ಬನೇ ಕೇಳುವವನಿದ್ದರೂ ಓದಿ ಹೇಳಬೇಕೆಂಬ ಆ ಹಳೆಯ ಅಪ್ಪಣೆಯು ಇಂದು ಸಲ್ಲುವದು ಅವರಿಗೇ. ಬರುವ ಸೋಮವಾರ ತರಗತಿಯಲ್ಲಿ ಅವರು ಮೊದಲು ಮಾಡಲಿ.