ಚಿಂಟುವಿನ ಹೊಟ್ಟೆಯ ಲೆಕ್ಕ

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡಿ. ನಮ್ಮ ಮನೆಯ ಚಿಂಟು ಪೊಮೆರೇನಿಯನ್ ಜಾತಿಯ ನಾಯಿ, ತೂಕ 4 ಕಿಲೋ. ನನ್ನ ತೂಕ 60 ಕಿಲೋ. ಅವನು ಒಂದು ಚಮಚ ತುಪ್ಪ ತಿಂದರೆ, ತೂಕದ ಲೆಕ್ಕದಲ್ಲಿ ನಾನು ಎಷ್ಟು ಚಮಚ ತಿಂದ ಹಾಗಾಯಿತು? 15! ಅಷ್ಟು ತುಪ್ಪ ಕುಡಿದರೆ ನನ್ನ ಗತಿ ಏನೆಂದು ನಿಮ್ಮ ಅಜ್ಜಿಯನ್ನೇ ಕೇಳಿ.

ಯುಗಾದಿಗೆ ಬಂದ ನೆಂಟರೆಲ್ಲ ಚಿಂಟುವಿಗೆ ತುಪ್ಪದ ಹೋಳಿಗೆ ಹಾಕಿದ್ದರು. ಒಬ್ಬರು ಹಾಕಿದ್ದು ಇನ್ನೊಬ್ಬರಿಗೆ ಗೊತ್ತಿಲ್ಲ. ಮರುದಿನ ಬೆಳಗಿನಿಂದ ವಾಂತಿ. ನೀರು ಕುಡಿದರೂ ವಾಂತಿ. ಮುಂಗಾಲು ನೆಲಕ್ಕೂರಿ, ಹಿಂಭಾಗ ಎತ್ತಿ, ನಮಸ್ಕಾರ ಮಾಡುವವನಂತೆ ನಿಲ್ಲುತ್ತಿದ್ದ. ಮೊಮ್ಮಗಳು, "ತಾತ, ಆಟಕ್ಕೆ ಕರೀತಿದಾನೆ" ಅಂದಳು. ಹೊಟ್ಟೆನೋವು ತಾಳಲಾರದ ನಾಯಿಯೂ ಹೀಗೇ ನಿಲ್ಲುತ್ತದೆ ಎಂದರು ಪಶುವೈದ್ಯರು.

ಕಾಯಿಲೆ, ಮೇದೋಜೀರಕ ಗ್ರಂಥಿಯ ಉರಿಯೂತ. ಈ ಗ್ರಂಥಿಯ ಜೀರ್ಣರಸ ಕರುಳಿಗೆ ಇಳಿದ ಮೇಲೆ ಕೆಲಸ ಶುರುಮಾಡಬೇಕು. ಕಾಯಿಲೆ ಬಂದಾಗ ಅದು ಒಳಗೇ ಶುರುಮಾಡಿ ಗ್ರಂಥಿಯನ್ನೇ ಅರಗಿಸತೊಡಗುತ್ತದೆ. ಜೀವಕ್ಕೇ ಅಪಾಯ. ಜಿಡ್ಡಿನ ಊಟ ಇದಕ್ಕೊಂದು ಕಾರಣ. ಕಾರಣವೇ ತಿಳಿಯದೆ ಬರುವುದೂ ಉಂಟು. ಹಾಗಾಗಿ ನೆಂಟರ ಮೇಲೆ ಕೋಪ ಬೇಡವೆಂದು ಸುಮ್ಮನಾದೆವು. ಮೂರು ದಿನ ಡ್ರಿಪ್ ಹಾಕಿದರು, ವಾಂತಿಗೂ ನೋವಿಗೂ ಚುಚ್ಚುಮದ್ದು ಕೊಟ್ಟರು.

ನಮ್ಮ ಕಾಲದಲ್ಲಿ ಹೊಟ್ಟೆ ಕೆಟ್ಟರೆ ಲಂಘನವೇ ಮದ್ದು. ಈ ಕಾಯಿಲೆಯ ನಾಯಿಗಳಿಗೂ ಹಿಂದೆ ಉಪವಾಸ ಹಾಕುತ್ತಿದ್ದರಂತೆ. ಈಗ, ವಾಂತಿ ಹತೋಟಿಗೆ ಬಂದ ಕೂಡಲೇ ಸ್ವಲ್ಪ ಸ್ವಲ್ಪ ತಿನ್ನಿಸಿ ಅನ್ನುತ್ತಾರೆ. ಖಾಲಿ ಇದ್ದಷ್ಟೂ ಕರುಳು ಸೊರಗುತ್ತದಂತೆ. ವೈದ್ಯರು ಬರೆದುಕೊಟ್ಟ ಕಡಿಮೆ ಜಿಡ್ಡಿನ ಆಹಾರವನ್ನು ಬಿಸಿನೀರಲ್ಲಿ ನೆನೆಸಿ, ಆರಿಸಿ, ದಿನಕ್ಕೆ ನಾಲ್ಕು ಸಲ ಕೊಟ್ಟೆವು.

ನಾನು ಗೆರೆ ಹಾಕಿದ ಪುಸ್ತಕ ತೆಗೆದೆ. ಹೊತ್ತು, ಎಷ್ಟು ತಿಂದ, ವಾಂತಿ ಆಯಿತೇ, ಮಲ ಹೇಗಿತ್ತು, ಮಾತ್ರೆ; ಕೊನೆಯ ಕಾಲಂನಲ್ಲಿ ಕೊಟ್ಟವರ ಸಹಿ. "ಇವರು ರಿಟೈರ್ ಆಗಿದ್ದು ಬ್ಯಾಂಕಿಗೆ ಮಾತ್ರ ಗೊತ್ತು" ಎಂದು ನನ್ನಾಕೆ ನಕ್ಕಳು. ಆದರೆ ವೈದ್ಯರು ಮೊದಲು ಕೇಳಿದ್ದೇ ಆ ಪುಸ್ತಕವನ್ನು.

ಮಾತ್ರೆ ನುಂಗಿಸುವುದು ಸುಲಭ. ದೋಸೆ ಹುಯ್ಯುವಾಗ ಒಲೆಯ ಹತ್ತಿರ ಕೂತು ನೋಡುವ ಆ ಎರಡು ಕಣ್ಣುಗಳಿಗೆ ಇಲ್ಲ ಅನ್ನುವುದಿದೆಯಲ್ಲ, ಅದು ಕಷ್ಟ. "ಒಂದು ಚೂರಿಗೆ ಏನಾಗುತ್ತೆ?" ಅನ್ನುವವರು ನಾವೇ, ಅಜ್ಜ ಅಜ್ಜಿಯರು. ಮೇಲಿನ ಲೆಕ್ಕ ಬರೆದಿದ್ದೇ ನಮಗಾಗಿ. ಇನ್ನೊಂದು: ಪಾಯಸದ ಒಣದ್ರಾಕ್ಷಿ, ಚಾಕೊಲೇಟು, ಈರುಳ್ಳಿ, ನಮ್ಮ ಮಂಡಿನೋವಿನ ಮಾತ್ರೆ, ಇವು ಗಟ್ಟಿಮುಟ್ಟಾದ ನಾಯಿಗೂ ವಿಷ.

ಚಿಂಟು ಈಗ ಗೇಟಿನವರೆಗೆ ಓಡಿ ಬೊಗಳಿ ಬರುತ್ತಾನೆ. ಗೌರಿ ಹಬ್ಬಕ್ಕೆ ಮತ್ತೆ ನೆಂಟರು ಬರುವವರಿದ್ದಾರೆ. ಊಟದ ಹೊತ್ತಿಗೆ ಅವನನ್ನು ಒಳಕೋಣೆಯಲ್ಲಿ ಇರಿಸುವುದೆಂದು ತೀರ್ಮಾನವಾಗಿದೆ. ಬೀಗದ ಕೈ ಮೊಮ್ಮಗಳ ಹತ್ತಿರ. ನಮ್ಮಿಬ್ಬರನ್ನು ಅವಳು ನಂಬುವುದಿಲ್ಲ.